ಉಡುಪಿಯಲ್ಲಿ ಒಂದು ರೂಮು

ವಿಮಾನಪುರದ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಆಕೆಯ ಮಡಿಲಲ್ಲಿ ಸ್ಕ್ಯಾನಿಂಗ್ ಕವರು.

“ರಿಟೈರಾಗಿ ಕ್ವಾರ್ಟರ್ಸ್ ಬಿಟ್ಮೇಲೆ ಉಡುಪಿಗೇ ಹೋಗ್ಬಿಡೋಣ ಕಣೇ. ಇಲ್ಲೇ ಪಕ್ಕದ ಕಗ್ಗದಾಸಪುರದಲ್ಲಿ ಒಂದು ರೂಮಿಗೆ ಕೊಡೋ ಬಾಡಿಗೇಲಿ ಅಲ್ಲಿ ಇಡೀ ಮನೆ ಸಿಗುತ್ತೆ.”

“ನೀರು?”

“ಬಾವಿ ಇರುತ್ತೆ. ಟ್ಯಾಂಕರಿನ ದುಡ್ಡು ಉಳೀತು. ನಿನ್ನ ಅಡುಗೆಗೆ ತೆಂಗಿನಕಾಯೂ ಅಗ್ಗ.”

“ಮನೆ ಬೇಡ ರೀ. ಮಠದ ಹತ್ರ ಒಂದು ರೂಮು ನೋಡಿ.”

“ಯಾಕೆ?”

“ಮಧ್ಯಾಹ್ನ ಮಠದಲ್ಲೇ ಊಟ ಹಾಕ್ತಾರೆ. ರಾತ್ರಿಗೆ ಅವಲಕ್ಕಿ ಮೊಸರು ಕಲಸ್ಕೊಳ್ಳೋದು ನಿಮಗೆ ಬರುತ್ತಲ್ಲ.”

“ಇಬ್ರಿಗೆ ಒಂದು ರೂಮು ಸಾಕಾಗುತ್ತೇನೇ?”

ಅಷ್ಟರಲ್ಲಿ ನರ್ಸು “ಸುಬ್ಬಲಕ್ಷ್ಮಿ” ಎಂದು ಕೂಗಿದಳು.

“ನಿಮಗೆ ಸಾಕಾಗುತ್ತೆ, ಬನ್ನಿ,” ಎಂದು ಆಕೆ ಕವರು ಹಿಡಿದು ಒಳಗೆ ಹೋದರು. ಗಂಡ ತಕ್ಷಣ ಏಳಲಿಲ್ಲ. ನರ್ಸು ಮತ್ತೆ ಬಂದು ಕರೆಯಬೇಕಾಯಿತು.