ಪಾಲಿಶ್ ಲೇತಿನ ಬ್ರೇಕು

ದೀಪ ಸಣ್ಣದು ಮಾಡಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮಧ್ಯೆ ಬಾಯಿ ಹಾಕಬೇಡಿ. ಇದು ನಮ್ಮ ಪಕ್ಕದ ಮನೆ ಫಿಟ್ಟರಕ್ಕನಿಗೇ ಆದದ್ದು. ಕೆಟ್ಟ ಮಿಷನ್ನು ಸರಿ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ದೆವ್ವ ಎದುರು ಬಂದರೂ "ದಾರಿ ಬಿಡು, ಹೊತ್ತಾಯ್ತು" ಅನ್ನೋ ಹೆಂಗಸು.

ಅವತ್ತು ರಾತ್ರಿ ಎಂಟೂವರೆ. ವರ್ಕ್‌ಶಾಪಿನಿಂದ ಬರೋ ದಾರಿಯಲ್ಲಿ ಆ ಹಾಳು ಬಾವಿ ಇದೆಯಲ್ಲ, ಕಬ್ಬಿಣದ ಜಾಲರಿ ಮುಚ್ಚಿರೋದು... ಅದರ ಪಕ್ಕ ಬರುತ್ತಿದ್ದಳು. ಮೈಯೆಲ್ಲ ಗ್ರೀಸು, ತಲೆಯೆಲ್ಲ ಬೆಂಕಿ. ಬೆಳಗಿನಿಂದ ಅವಳು ಬಿಚ್ಚಿ ಸರಿ ಮಾಡುತ್ತಿದ್ದದ್ದು ಹಳೇ ಪಾಲಿಶ್ ಲೇತನ್ನು. ಕತ್ತರಿಸಿದ ಕಬ್ಬಿಣದ ಅಂಚಿನಲ್ಲಿ ಚೂಪು ಮುಳ್ಳು ಉಳಿಯುತ್ತಲ್ಲ, ತುಂಡನ್ನು ಗಿರಗಿರ ತಿರುಗಿಸಿ, ಉಪ್ಪುಕಾಗದದಂಥ ಎಮರಿ ಪಟ್ಟಿ ಹಿಡಿದು, ಆ ಮುಳ್ಳು ತೆಗೆದು ನುಣುಪು ಮಾಡೋ ಮಿಷನ್ನು. ಹನ್ನೊಂದು ವರ್ಷದ ಹಿಂದೆ ಅವಳ ಸೋದರಮಾವ ಸತ್ತದ್ದು ಅದರ ಮುಂದೆಯೇ. ಅವಳಿಗೆ ಕಸುಬು ಕಲಿಸಿದವನೂ ಅವನೇ.

ಆಗ ಯಜಮಾನ ಊರಿಗೆಲ್ಲ ಹೇಳಿದ್ದು ಒಂದೇ ಮಾತು. "ಗ್ಲೌಸು ಹಾಕ್ಕೊಂಡು ಲೇತಿಗೆ ಕೈ ಕೊಟ್ಟ. ತಪ್ಪು ಅವನದೇ." ತಿರುಗೋ ಲೇತಿನ ಮುಂದೆ ಗ್ಲೌಸು ಹಾಕಬಾರದು, ಬಟ್ಟೆ ಸಿಕ್ಕಿದರೆ ಕೈಯನ್ನೂ ಸೇರಿಸಿ ಎಳೆದುಕೊಳ್ಳುತ್ತೆ. ಮಾವ ಕಲಿಸಿದ ಮೊದಲ ಪಾಠವೇ ಅದು. ಒಮ್ಮೆ ಮರೆತು ಹಾಕಿಕೊಂಡಿದ್ದಕ್ಕೆ ಅಕ್ಕನ ಬೆನ್ನಿಗೆ ಗುದ್ದಿದ್ದ. ಅಂಥವನೇ ಹಾಕಿಕೊಂಡು ಸತ್ತನಲ್ಲ ಅಂತ ಅವಳಿಗೆ ಹನ್ನೊಂದು ವರ್ಷ ಸಿಟ್ಟು. ಸತ್ತವನ ಮೇಲೆ ಸಿಟ್ಟು! ಅವನ ಫೋಟೋ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಲೇತಿಗೆ ಗಿರಾಕಿ ಸಿಕ್ಕಿದ್ದಾನೆ, ಸರಿ ಮಾಡಿಕೊಡು ಅಂತ ಯಜಮಾನ ಕರೆದಾಗ ಅದೇ ಸಿಟ್ಟಿನಲ್ಲಿ ಹೂಂ ಅಂದಿದ್ದಳು.

ಬಾವಿ ದಾಟಿದಳು... ಹಿಂದೆ ಸದ್ದು.

ಸರ್ರ್... ಸರ್ರ್... ಕಬ್ಬಿಣದ ಮೇಲೆ ಎಮರಿ ಪಟ್ಟಿ ಉಜ್ಜುವ ಸದ್ದು. ನಿಂತಳು. ಅದೂ ನಿಂತಿತು. ನಡೆದಳು. ಸರ್ರ್... ಆಮೇಲೆ, ಟಕ್. ಟಕ್ ಟಕ್. ಟಕ್ ಟಕ್ ಟಕ್ ಟಕ್...

ನೀವಾಗಿದ್ದರೆ ಓಟ ಕೀಳುತ್ತಿದ್ದಿರಿ. ನಾನೂ ಅಷ್ಟೆ. ಇವಳು ಕಿವಿಗೊಟ್ಟು ಕೇಳಿದಳು, ಕಸುಬಿನವಳಲ್ಲವೇ. ಅದು ಕಾಲಲ್ಲಿ ಲೇತಿನ ಬ್ರೇಕು ಒತ್ತೋ ಸದ್ದು. ಒತ್ತಿದ್ದು ಹಿಡಿದರೆ ಗ್ರುಕ್ ಅನ್ನಬೇಕು. ಅನ್ನುತ್ತಿಲ್ಲ. ಯಾರೋ ಜೀವ ಕೈಯಲ್ಲಿ ಹಿಡಿದು ಒತ್ತುತ್ತಿದ್ದಾರೆ... ಅದು ಹಿಡಿಯುತ್ತಿಲ್ಲ.

"ಮಾವ?" ಅಂದಳು, ಪಿಸುದನಿಯಲ್ಲಿ.

ಟಕ್.

ಅವಳು ಮನೆಗೆ ಹೋಗಲಿಲ್ಲ. ವಾಪಸ್ಸು ವರ್ಕ್‌ಶಾಪಿಗೆ ಹೋಗಿ, ಬೆಳಗಿನಿಂದ ಮುಟ್ಟದೆ ಬಿಟ್ಟಿದ್ದ ಲೇತಿನ ಬುಡದ ತಗಡು ಬಿಚ್ಚಿ, ಟಾರ್ಚು ಬಿಟ್ಟಳು. ಪೆಡಲಿನಿಂದ ಬ್ರೇಕಿಗೆ ಹೋಗಬೇಕಾದ ಸಲಾಕೆಯನ್ನು ಗರಗಸದಲ್ಲಿ ಕೊಯ್ದಿದ್ದರು. ಉಳಿದ ಮೋಟನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಆ ತಂತಿಗೆ ವರ್ಷಗಟ್ಟಲೆ ತುಕ್ಕು. ಗಳಿಗೆಗೊಮ್ಮೆ ಬ್ರೇಕು ಹಾಕಿ ನಿಲ್ಲಿಸಿದರೆ ದಿನದ ಕೆಲಸ ನಿಧಾನವಾಗುತ್ತಲ್ಲ, ಅದಕ್ಕೆ! ಥೂ, ಮನುಷ್ಯನಾ ಆ ಯಜಮಾನ?

ಫೋನು ತೆಗೆದಳು. "ಯಜಮಾನ್ರೇ, ಈಗಲೇ ಬನ್ನಿ." ಅಷ್ಟೆ.

ಗೊಣಗುತ್ತಾ ಬಂದ. "ಏನಮ್ಮ, ಊಟದ ಹೊತ್ತಲ್ಲಿ..."

"ಇದನ್ನ ಕೊಯ್ಸಿದ್ದು ಯಾರು?"

ಮೋಟು ನೋಡಿದ. "ಹಳೇ ಮಿಷನ್ನು, ಯಾರಿಗೆ ಗೊತ್ತು? ನಿಮ್ಮ ಮಾವ ಗ್ಲೌಸಿಂದ ಸತ್ತ. ನೀನೇ ನೋಡಿದ್ಯಲ್ಲ, ಹೆಣದ ಕೈಯಲ್ಲಿತ್ತು."

ಹೌದು, ನೋಡಿದ್ದಳು. ಎಮರಿ ಪಟ್ಟಿ ಸುತ್ತಿ ಎಳೆದ ತೋಳು ನಜ್ಜುಗುಜ್ಜಾಗಿತ್ತು. ಗ್ಲೌಸಿನ ಒಂದು ನೂಲೂ ಹರಿದಿರಲಿಲ್ಲ... ಲೇತು ಎಳೆದುಕೊಂಡ ಗ್ಲೌಸು ಇಡಿಯಾಗಿ ಉಳಿಯುತ್ತಾ? ಲೇತಿನ ಮುಂದೆ ಒಂದು ದಿನವೂ ನಿಂತು ಗೊತ್ತಿಲ್ಲದವನಿಗೆ ಅದು ಹೊಳೆಯಲಿಲ್ಲ, ಸರಿ. ತನಗೆ ಹೊಳೆಯಲಿಲ್ಲವಲ್ಲ! ಅಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಇಷ್ಟು ವರ್ಷ ಕೊಟ್ಟ ಮರ್ಯಾದೆ ಅಲ್ಲೇ ನೆಲಕ್ಕೆ ಬಿತ್ತು.

"ಗ್ಲೌಸು ಹಾಕಿದ್ದು ಯಾರೋ?"

ಅವನು ಬಾಯಿ ತೆರೆಯುವಷ್ಟರಲ್ಲಿ... ಗಿರ್ರ್ರ್...

ಲೇತು ತಿರುಗುತ್ತಿತ್ತು. ಮೋಟರಿನ ವೈರು ನೆಲದ ಮೇಲೆ ಸುತ್ತಿ ಬಿದ್ದಿತ್ತು. ಬೆಲ್ಟು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆದರೂ ತಿರುಗುತ್ತಿತ್ತು.

"ನಿಲ್ಸು ಅದನ್ನ..." ಪಿಸುಗುಟ್ಟಿದ ಯಜಮಾನ.

"ಬ್ರೇಕಿದೆಯಲ್ಲ. ಒತ್ತು."

ಒತ್ತಿದ. ಟಕ್. ಟಕ್ ಟಕ್ ಟಕ್. "ಹಿಡೀತಿಲ್ಲ... ಹಿಡೀತಿಲ್ಲ ಕಣಮ್ಮ!"

"ಅವತ್ತೂ ಹಿಡೀಲಿಲ್ಲ."

ಅವನು ಎರಡೂ ಕೈ ಎದೆಗೆ ಅವುಚಿಕೊಂಡು ಕುಸಿದು ಕೂತ. ಲೇತಿಗೂ ಅವನಿಗೂ ನಡುವೆ ಒಂದು ಮಾರು ದೂರ, ಇದು ನೆನಪಿರಲಿ. "ನಾನೇ... ಉಸಿರು ನಿಂತ್ಮೇಲೆ ನಾನೇ ಹಾಕಿದ್ದು. ಈ ಕೈಯಲ್ಲೇ ಹಾಕಿದ್ದು."

ಗ್ರುಕ್. ಲೇತು ನಿಂತಿತು.

ಅಕ್ಕ ಅವನ ರಟ್ಟೆ ಹಿಡಿದು ನೇರವಾಗಿ ಅತ್ತೆ ಮನೆಗೆ, ಅಂದರೆ ಸತ್ತ ಮಾವನ ಹೆಂಡತಿಯ ಹತ್ತಿರ ಎಳೆದುಕೊಂಡು ಹೋದಳು. ಗಂಡನದೇ ತಪ್ಪು ಅಂತ ಹನ್ನೊಂದು ವರ್ಷ ಊರವರ ಮುಂದೆ ತಲೆ ತಗ್ಗಿಸಿದ್ದ ಆಯಮ್ಮ ಅಳಲೂ ಇಲ್ಲ, ಕೂಗಲೂ ಇಲ್ಲ. ಕಾಗದ, ಪೆನ್ನು ತಂದು ಅವನ ಮುಂದಿಟ್ಟರು. "ಬರಿ. ಪೂರ್ತಿ ಬರಿ."

ಬರೆದ. ಸಹಿ ಹಾಕಿದ.

"ಸಹಿ ನಂದಲ್ಲ ಅಂತೀಯ ನಾಳೆ. ನಿನ್ನ ಬುದ್ಧಿ ನಂಗೊತ್ತು. ಹೆಬ್ಬೆಟ್ಟು ಒತ್ತು," ಅಂದರು ಅತ್ತೆ.

ಇಂಕು ಹಚ್ಚಿ ಒತ್ತಿದ. ಕಾಗದದ ಮೇಲೆ ಬರೀ ಕಪ್ಪು ಬೊಟ್ಟು. ಒಂದು ಗೆರೆಯೂ ಇಲ್ಲ. ಒರೆಸಿ ಅದರ ಮೇಲೇ ಮತ್ತೆ ಒತ್ತಿಸಿದರು. ಹಾಗೇ. ಪಕ್ಕದ ಬೆರಳು... ಅದೂ ಹಾಗೇ. ಹತ್ತೂ ಬೆರಳು ಒತ್ತಿಸಿದರೂ ಹಾಗೇ. ಅಕ್ಕ ಅವನ ಅಂಗೈ ತಿರುಗಿಸಿ ದೀಪಕ್ಕೆ ಹಿಡಿದಳು. ಹತ್ತು ಬೆರಳಿನ ಗೆರೆಗಳನ್ನೂ ಯಾರೋ ಉಜ್ಜಿ ತೆಗೆದಿದ್ದರು. ಗಾಯವಿಲ್ಲ, ರಕ್ತವಿಲ್ಲ, ಚರ್ಮ ಬೆಚ್ಚಗಿತ್ತು.

ಆ ಕಾಗದ ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ... ಬೆಳಕಿಗೆ ಹಿಡಿದು, ಒಂದೊಂದನ್ನೂ. ನಂಬದವರು ನಾಳೆ ಬೆಳಿಗ್ಗೆ ಬನ್ನಿ. ಹತ್ತು ಬೊಟ್ಟು ಇವೆ, ಹತ್ತೂ ನುಣ್ಣಗಿವೆ.