ಮಂತಕ್ಕನ ಮರಿಗೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಪುರಸಭೆಯ ಅಧ್ಯಕ್ಷರೇ, ಹೊಸ ಒಲೆಯನ್ನು ಹರಸಲು ಬಂದಿರುವ ಪೂಜ್ಯ ಪಾದ್ರಿಗಳೇ, ಮುಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿರುವ ಅಲ್ಮಾ ಯಜಮಾನತಿಯವರೇ, ಅವರ ಪಕ್ಕದಲ್ಲಿ ಕುಳಿತು ಕಾಫಿ ಬರುವ ಬಾಗಿಲನ್ನೇ ನೋಡುತ್ತಿರುವ ನಮ್ಮ ಮಂತಕ್ಕನವರೇ, ಮತ್ತು ನನ್ನ ರೊಟ್ಟಿಯನ್ನು ಇಪ್ಪತ್ತೈದು ವರ್ಷ ತಿಂದೂ ಆರೋಗ್ಯವಾಗಿರುವ ಸಭಿಕರೇ,

ಇವತ್ತು ಹೊಸ ಒಲೆಗೆ ಬೆಂಕಿ ಹಾಕಿದ್ದೇವೆ. ಬೇಕರಿಯ ಬಗ್ಗೆ ನಾಲ್ಕು ಮಾತಾಡು ಹೆಲ್ವಿ ಎಂದರು. ನಾಲ್ಕು ಮಾತಿಗೆ ನಿಲ್ಲಿಸುವ, ಪೂರ್ವ ಗಡಿಯ ಕರೇಲಿಯದ ಹೆಂಗಸನ್ನು ನೀವು ಯಾರಾದರೂ ಕಂಡಿದ್ದೀರಾ? ನಾನೂ ಕಂಡಿಲ್ಲ.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಶರತ್ಕಾಲದಿಂದಲೇ ಶುರುಮಾಡಬೇಕು. ಪೂರ್ವದ ದೊಡ್ಡ ನೆರೆಯವರು ನಮ್ಮ ಸರಕಾರವನ್ನು ಕರೆಸಿಕೊಂಡು ಒಂದು ಮಾತು ಹೇಳಿದರು. (ಅಧ್ಯಕ್ಷರು ಕುರ್ಚಿಯಲ್ಲಿ ಚಡಪಡಿಸುವುದು ಬೇಡ. ಈಗ ಆ ನೆರೆಯವರೇ ನಮ್ಮ ದೇಶದ ಗಿರಾಕಿಗಳು, ಗಿರಾಕಿಯನ್ನು ಬೈಯುವ ದಡ್ಡಿ ನಾನಲ್ಲ.) ನಿಮ್ಮ ಗಡಿ ನಮ್ಮ ಪಟ್ಟಣಕ್ಕೆ ತೀರಾ ಹತ್ತಿರ ಬಂತು, ನಮಗೆ ಭಯವಾಗುತ್ತದೆ, ತುಸು ಹಿಂದೆ ಸರಿಯಿರಿ, ಬದಲಿಗೆ ಉತ್ತರದಲ್ಲಿ ಎರಡರಷ್ಟು ಕಾಡು ಕೊಡುತ್ತೇವೆ ಎಂದರು. ಆನೆಯು ಇರುವೆಗೆ ಹೆದರಿದ ಸಂಗತಿಯನ್ನು ರೇಡಿಯೋದಲ್ಲಿ ಕೇಳಿ ನಮ್ಮೂರು ಲೆಪ್ಪಾಮ್ಯಾಕಿಯಲ್ಲಿ ಎಲ್ಲರೂ ನಕ್ಕರು, ಎಲ್ಲರೂ ಸಿಟ್ಟಾದರು. ನನ್ನ ತಾಯಿ ಇಡಾ ಮಾತ್ರ ಎದ್ದು ರೇಡಿಯೋ ಆರಿಸಿದರು. ಬೇಲಿಯ ಆಚೆಯಿಂದ ಒಂದು ಕೂಗು ಬಂತು.

“ಏ ಇಡಾ! ರೇಡಿಯೋ ಕೇಳಿದ್ಯಾ? ನಿನ್ನ ಮಾತನ್ನ ಯಾರೋ ಕದ್ದುಬಿಟ್ಟಿದ್ದಾರಲ್ಲೇ!”

ಕೂಗಿದವರು ಇದೇ ಮಂತಕ್ಕ. ಅದೇನೆಂದರೆ... ಹೇಳಬಾರದಿತ್ತು, ಬಾಯಿ ತೆರೆದಾಯಿತು, ಹೇಳಿಬಿಡುತ್ತೇನೆ. ಅದರ ಹಿಂದಿನ ಬೇಸಿಗೆಯಲ್ಲಿ ನಮ್ಮಮ್ಮ, ವಿಧವೆಯಾಗಿದ್ದ ಮಂತಕ್ಕನ ಹತ್ತಿರ ಹೋಗಿ, “ನೋಡು ಮಂತಾ, ನಿನ್ನ ಬೇಲಿ ನಮ್ಮ ಬಾವಿಗೆ ತೀರಾ ಹತ್ತಿರ. ನಿನ್ನ ಹಸು ಬಿದ್ದರೆ ಯಾರು ಹೊಣೆ? ಆ ತುಂಡು ಬಿಟ್ಕೊಡು, ಹಿಂದ್ಗಡೆ ಎರಡರಷ್ಟು ಜಾಗ ಕೊಡ್ತೀನಿ” ಎಂದಿದ್ದರು.

“ಹಿಂದ್ಗಡೆ ಇರೋದು ಜವುಗು. ಅಲ್ಲಿ ಏನು ಬೆಳೀಲಿ, ಕಪ್ಪೇನಾ?”

ಆಲೂಗಡ್ಡೆ ಚೆನ್ನಾಗಿ ಬರುತ್ತಿದ್ದ ತುಂಡು ಅದು. ನಮ್ಮಪ್ಪ ಗ್ರಾಮಸಭೆಯ ಸದಸ್ಯರು. ಮಂತಕ್ಕನ ಕಡೆ ಒಂದು ಹಸು, ಒಂದು ಬೆಕ್ಕು. ಬೇಲಿ ಸರಿಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಬೇಲಿಯಾಚೆಯಿಂದ ಇಂಥ ಕೂಗು ಬಿಟ್ಟರೆ.

ನಮ್ಮ ದೇಶ ಮಾತ್ರ ಆ ದೊಡ್ಡವರಿಗೆ ‘ಆಗುವುದಿಲ್ಲ’ ಎಂದಿತು. ಚಳಿಗಾಲ ಹಿಡಿಯುವ ಹೊತ್ತಿಗೆ ಯುದ್ಧ ಬಂತು. ಊರು ಬಿಡಿ ಎಂದರು. ಬೇರೆಯವರಾಗಿದ್ದರೆ ಬೆಳ್ಳಿ ಚಮಚ ಹುಡುಕುತ್ತಿದ್ದರೋ ಏನೋ, ನಮ್ಮ ಹೆಂಗಸರು ಪೊರಕೆ ಹುಡುಕಿದರು. ವೈರಿ ಬಂದು ಕೊಳಕು ಮನೆ ನೋಡಿ ಆಡಿಕೊಳ್ಳಬಾರದಲ್ಲ! ಅಮ್ಮ ಮಂಡಿಯೂರಿ ನೆಲ ಉಜ್ಜಿದರು, ಮೇಜು ಉಜ್ಜಿದರು, ಬೆಂಚು ಉಜ್ಜಿದರು. ಉಜ್ಜುತ್ತಿದ್ದಾಗ ನಮ್ಮದೇ ಸೈನ್ಯದ ಹುಡುಗನೊಬ್ಬ ಸೀಮೆಎಣ್ಣೆ ಡಬ್ಬ ಹಿಡಿದು ಬಾಗಿಲಲ್ಲಿ ನಿಂತ.

“ತಪ್ಪು ತಿಳೀಬೇಡಿ ಅಮ್ಮಾ. ಅವರಿಗೆ ಸೂರು ಸಿಗಬಾರದು ಅಂತ ಆರ್ಡರು. ಸುಡಬೇಕು.”

“ಸುಡು ಮಗಾ. ಬೂಟು ಒರೆಸ್ಕೊಂಡು ಒಳಗೆ ಬಾ.”

ಒರೆಸಿಕೊಂಡೇ ಬಂದ. ಅಂಥ ದೇಶವನ್ನು ಯಾರು ಗೆದ್ದಾರು, ಹೇಳಿ!

ಆ ಉಜ್ಜುವ ಭರದಲ್ಲಿ ಅಮ್ಮ ಒಂದು ಅನಾಹುತ ಮಾಡಿಬಿಟ್ಟಿದ್ದರು. ರೈ ಧಾನ್ಯದ ಹಿಟ್ಟು ನಾದುವ ಮರದ ಮರಿಗೆಯನ್ನೂ ಬಿಸಿನೀರು ಸುರಿದು, ಬೂದಿ ಹಾಕಿ, ಬೆಳ್ಳಗೆ ತೊಳೆದಿಟ್ಟಿದ್ದರು. ಮರಿಗೆಯನ್ನು ಯಾರಾದರೂ ತೊಳೆಯುತ್ತಾರೆಯೇ? ಅದರ ಮೈಗೆ ಅಂಟಿದ ಹಿಟ್ಟಿನಲ್ಲೇ ರೊಟ್ಟಿಯನ್ನು ಉಬ್ಬಿಸುವ ಹುಳಿಯ ಜೀವ ಇರುವುದು. ಅದು ನನ್ನ ಮುತ್ತಜ್ಜಿಯ ಕಾಲದ ಹುಳಿ. ಬೇಲಿಯಾಚೆ ಮಂತಕ್ಕ ಏನನ್ನೂ ತೊಳೆಯಲಿಲ್ಲ. ಹಿಟ್ಟು ಮೆತ್ತಿದ ಮರಿಗೆಯಲ್ಲಿ ಬೆಕ್ಕನ್ನು ಕೂರಿಸಿ ಜಾರುಬಂಡಿಗೆ ಕಟ್ಟಿದರು. “ನೋಡು ಅವಳ ಅವತಾರ, ಅವಳ ಮನೆ ಯಾವತ್ತೂ ಹೀಗೇ” ಎಂದು ಅಮ್ಮ ಮೂಗು ಮುರಿದರು.

ಹೀಗೆ ದೇಶದ ಪಶ್ಚಿಮಕ್ಕೆ, ನಿಮ್ಮೂರಿಗೆ ಬಂದೆವು. ಅಲ್ಮಾ ಯಜಮಾನತಿಯವರು ತಮ್ಮ ಹಳೆಯ ರೊಟ್ಟಿಮನೆಯನ್ನು ಬಿಟ್ಟುಕೊಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಒಂದೇ ಕೋಣೆ, ಒಂದೇ ದೊಡ್ಡ ಒಲೆ. ಕೊಟ್ಟದ್ದು ಯಾರಿಗೆ? ನಮಗೂ, ಮಂತಕ್ಕನಿಗೂ! ಮೊದಲ ದಿನವೇ ಅಮ್ಮ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಒಲೆ ಯಾವ ಕಡೆಗೆ ಬಂತು ಎಂದು ನಾನು ಹೇಳಬೇಕಾಗಿಲ್ಲ. ಊರು ಹೋಯಿತು, ಮನೆ ಸುಟ್ಟಿತು, ಗಡಿ ಹಾಕುವ ಚಟ ಹೋಗಲಿಲ್ಲ.

ಮಾರ್ಚಿನಲ್ಲಿ ಯುದ್ಧ ನಿಂತಿತು. ದೇಶ ಉಳಿಯಿತು, ನಮ್ಮ ಕರೇಲಿಯ ಹೋಯಿತು. ಯುದ್ಧಕ್ಕೆ ಹೋಗಿದ್ದ ಅಣ್ಣ ಎಸ್ಕೋ ದವಡೆಗೆ ಗುಂಡಿನ ಚೂರು ತಗಲಿ, ಹಲ್ಲು ಕಳೆದುಕೊಂಡು ಬಂದ. ಇಲ್ಲಿ ತಿನ್ನಲು ಇದ್ದದ್ದೇನು? ವರ್ಷಕ್ಕೆರಡು ಸಲ ಸುಟ್ಟು, ಸೂರಿನ ಕೋಲಿಗೆ ನೇತುಹಾಕಿ ಒಣಗಿಸಿದ ನಿಮ್ಮ ಬಳೆರೊಟ್ಟಿ. ಹಾಲಲ್ಲಿ ನೆನೆಸಿಕೊಟ್ಟರೆ, “ನಾನೇನು ಕರುವಾ?” ಎಂದು ಗೋಡೆಗೆ ಮುಖ ತಿರುಗಿಸುತ್ತಿದ್ದ. ದಿನದಿನಕ್ಕೂ ಸೊರಗಿದ.

“ವಾರಾವಾರ ರೊಟ್ಟಿ ಸುಡೋರು ಕೆಲಸವಿಲ್ಲದೋರು” ಎಂದು ಅಲ್ಮಾ ಯಜಮಾನತಿಯವರು ಒಮ್ಮೆ ಅಂದದ್ದುಂಟು. “ವರ್ಷಕ್ಕೆ ಎರಡೇ ಸಲ ಸುಡೋರ ಮನೇಲಿ ತಟ್ಟೆ ಜೊತೆ ಸುತ್ತಿಗೇನೂ ಇಡ್ಬೇಕು” ಎಂದು ಅಮ್ಮ ಅಂದದ್ದೂ ಉಂಟು. ಆದರೂ ತಾಯಿಯ ಕರುಳು. ತೊಳೆದ ಮರಿಗೆಯಲ್ಲಿ ಹಿಟ್ಟು ಕಲಸಿದರು, ಏಳಲಿಲ್ಲ. ಯಜಮಾನತಿಯ ಮರಿಗೆ ಕೇಳಿ ತಂದು ಕಲಸಿದರು. ಅಟ್ಟದ ಚಳಿಯಲ್ಲಿ ಮಲಗಿದ್ದ ಹುಳಿ ಎಚ್ಚರಗೊಳ್ಳಲಿಲ್ಲ, ರೊಟ್ಟಿ ಬೂಟಿನ ಅಟ್ಟೆಯ ಹಾಗೆ ಬಂತು. ಗೆರೆಯಾಚೆ ಮಂತಕ್ಕನ ಮರಿಗೆ, ಬಟ್ಟೆ ಹೊದ್ದು, ಘಮ್ಮೆನ್ನುತ್ತ ಕುಳಿತಿತ್ತು. ಅವರಿಗೋ ಒಲೆಯಿಲ್ಲ.

ಒಂದು ಬೆಳಿಗ್ಗೆ ಅಮ್ಮ ಎದ್ದು ಗೆರೆಯ ಅಂಚಿಗೆ ಬಂದು ನಿಂತರು.

“ಮಂತಾ, ಒಂದು ಹಿಡಿ ಹುಳಿ ಬೇಕಿತ್ತು. ಹುಡುಗ ಉಣ್ತಿಲ್ಲ.”

“ಎರಡರಷ್ಟು ಏನು ಕೊಡ್ತೀಯಾ?”

“ಒಲೆ ಕೊಡ್ತೀನಿ.”

“ಒಲೆ ಅಲ್ಮಾದು. ನಿಂದೇನು ಕೊಡ್ತೀಯಾ?”

ಅಮ್ಮನ ಹತ್ತಿರ ಏನಿತ್ತು? ಆಗ ಮಂತಕ್ಕ ಅಂದರು: “ಬಾವಿ ಪಕ್ಕದ ತುಂಡು ನಂದು ಅನ್ನು.”

“ಅದು ಈಗ ನಂದೂ ಅಲ್ಲ, ನಿಂದೂ ಅಲ್ಲವಲ್ಲೇ!”

“ಗೊತ್ತು. ಆದ್ರೂ ಅನ್ನು.”

ವ್ಯಾಪಾರದವಳಾಗಿ ಕೇಳುತ್ತೇನೆ: ಕೈಯಲ್ಲಿಲ್ಲದ ಭೂಮಿಯನ್ನು ಬಿಟ್ಟುಕೊಡುವುದರಲ್ಲಿ ನಷ್ಟವೇನು? ಸಲೀಸಾಗಿ ಹೇಳಬಹುದಿತ್ತು. ನಮ್ಮಮ್ಮ ಮೊದಲು ಗೋಡೆಗೆ ಮುಖ ಮಾಡಿ ಮಲಗಿದ್ದ ಎಸ್ಕೋನನ್ನು ನೋಡಿದರು, ಆಮೇಲೆ ನೆಲದ ಮೇಲಿನ ಗೆರೆಯನ್ನು ನೋಡಿದರು.

“ನಿಂದು ಕಣೇ. ಮೊದಲಿಂದಲೂ ನಿಂದೇ.”

ಹೇಳಿದವರೇ ಒದ್ದೆ ಬಟ್ಟೆ ತಂದು, ಮಂಡಿಯೂರಿ, ಗೆರೆಯನ್ನು ಒರೆಸಿದರು. ಮಾರನೆಯ ದಿನ ಒಲೆಯಿಂದ ಬಂದ ರೊಟ್ಟಿ ಉಬ್ಬಿತ್ತು, ಮೆತ್ತಗಿತ್ತು, ಹದವಾಗಿ ಹುಳಿಯಾಗಿತ್ತು. ಎಸ್ಕೋ ತುಂಡು ಬಾಯಿಗಿಟ್ಟು ಮೆಲ್ಲಗೆ ಚಪ್ಪರಿಸಿದ. ಆಮೇಲೆ, “ಅಮ್ಮಾ, ಬೆಣ್ಣೆ ಇಲ್ವಾ?” ಅಂದ. ಬೆಣ್ಣೆ ಕೇಳುವವನು ಸಾಯುವುದಿಲ್ಲ ಸಭಿಕರೇ! ಇಗೋ, ಹಿಂದಿನ ಸಾಲಿನಲ್ಲಿ ಹೊಟ್ಟೆ ಬೆಳೆಸಿಕೊಂಡು ಕೂತಿದ್ದಾನೆ. ಬೆಣ್ಣೆ ತಂದುಕೊಟ್ಟವರು ಅಲ್ಮಾ ಯಜಮಾನತಿಯವರು. ಒಂದು ತುಂಡು ಅವರೂ ತಿಂದರು. “ಪರವಾಗಿಲ್ಲ” ಅಂದರು. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ನನಗೆ ಆಮೇಲೆ ತಿಳಿಯಿತು. ಮರುವಾರ ಇನ್ನೊಂದು ಕೇಳಿದರು. ನಮ್ಮ ಬೇಕರಿಯ ಮೊದಲ ಗಿರಾಕಿ ಅವರೇ.

ಬರಿ ಬಾಯಿಮಾತು, ಹೇಳಿದ್ದಷ್ಟೇ ಎನ್ನುತ್ತೀರಾ? ಮರುವರ್ಷ ಮತ್ತೆ ಯುದ್ಧ ಬಂದು, ಗಡಿ ಪೂರ್ವಕ್ಕೆ ಸರಿದು, ನಾವು ಲೆಪ್ಪಾಮ್ಯಾಕಿಗೆ ಮರಳಿದೆವು. ಮನೆಯಿದ್ದಲ್ಲಿ ಬರಿಯ ಒಲೆಯ ಕಲ್ಲು. ಅಪ್ಪ ಸೂರಿಗೆ ಮರ ಕಡಿಯಲು ಹೊರಟರು. ಅಮ್ಮ ಹಾರೆ ಎತ್ತಿಕೊಂಡು ನೇರ ಬಾವಿಯ ಕಡೆ ನಡೆದರು, ಬೇಲಿಯ ಗೂಟ ಕೀಳಲು.

“ಮೊದಲು ಸೂರು ನೋಡೇ ಮಾರಾಯ್ತಿ!” ಎಂದು ಅಪ್ಪ ಕೂಗಿದರು.

“ಸೂರಿಲ್ಲದೆ ಮಲಗಬಹುದು. ಕೊಟ್ಟ ಮಾತು ಹೊದ್ಕೊಂಡು ಹೇಗೆ ಮಲಗಲಿ?”

ಬೇಲಿ ತನ್ನ ಹಳೆಯ ಜಾಗಕ್ಕೆ ಹೋಯಿತು. ಆ ಯುದ್ಧಕಾಲದಲ್ಲಿ ದೊಡ್ಡವರು ಸಣ್ಣವರಿಂದ ಕಿತ್ತುಕೊಂಡ ಭೂಮಿಗೆ ಲೆಕ್ಕವುಂಟೇ? ಹಿಂದಿರುಗಿಸಿದ ತುಂಡು ನಾನು ಕಣ್ಣಾರೆ ಕಂಡದ್ದು ಅದೊಂದೇ, ಅದನ್ನು ಹಿಂದಿರುಗಿಸಿದವಳು ನನ್ನ ತಾಯಿ! ಎರಡು ಬೆಳೆ ಆಲೂಗಡ್ಡೆ ತೆಗೆದರು ಮಂತಕ್ಕ. ಆಮೇಲೆ ನಲವತ್ತನಾಲ್ಕರಲ್ಲಿ ಎರಡನೆಯ ಸಲ, ಕೊನೆಯ ಸಲ, ಮತ್ತೆ ನಿಮ್ಮೂರಿಗೇ ಹೊರಟೆವು. ಅಮ್ಮ ಆಗಲೂ ನೆಲ ಉಜ್ಜಿದರು. ಮರಿಗೆಯನ್ನು ಮಾತ್ರ ಮಂತಕ್ಕ ಎದೆಗವಚಿಕೊಂಡು ಬಾಗಿಲಾಚೆ ನಿಂತಿದ್ದರು, “ಇಡಾ, ಇದರ ಹತ್ತಿರ ಬಂದೀಯ ಜೋಕೆ” ಎನ್ನುತ್ತ. ಇಬ್ಬರೂ ನಗುತ್ತ ಊರು ಬಿಟ್ಟರು. ಅಳುತ್ತಲೂ ಇದ್ದರು, ಅದು ಬೇರೆ ವಿಷಯ.

ನಮ್ಮದನ್ನು ದೊಡ್ಡವರು ತಮ್ಮದೆಂದು ಕೊಂಡುಹೋದದ್ದು ಬಹಳ. ಆದರೆ ನಮ್ಮ ಧ್ವಜ ಇವತ್ತೂ ಈ ಸಭಾಂಗಣದ ಹೊರಗೆ ಹಾರುತ್ತಿದೆ, ನಮ್ಮ ಮಾತನ್ನು ನಾವೇ ಆಡುತ್ತಿದ್ದೇವೆ, ನನ್ನಂಥವರು ಅದನ್ನು ಅಗತ್ಯಕ್ಕಿಂತ ಹೆಚ್ಚೇ ಆಡುತ್ತಿದ್ದೇವೆ. ಮತ್ತು ಆ ಮರಿಗೆ ಇಲ್ಲೇ, ಹೊಸ ಒಲೆಯ ಪಕ್ಕದಲ್ಲೇ ಇದೆ. ಅಮ್ಮ ಇವತ್ತು ಇಲ್ಲ. ಹೊಸ ಕಟ್ಟಡದ ಬಾವಿ ಪಕ್ಕದ ಜಾಗವನ್ನು ಮಂತಕ್ಕನ ಹೆಸರಿಗೆ ಬರೆಸಿದ್ದೇವೆ. ಅದು ಜವುಗಲ್ಲ, ಒಣನೆಲ. ಮಂತಕ್ಕಾ, ನೀವೇ ಮೆಟ್ಟಿ ನೋಡಬಹುದು.

ತಾಳ್ಮೆಯಿಂದ ಕೇಳಿದ್ದಕ್ಕೆ, ಚಳಿಯಲ್ಲಿ ಬಂದವರಿಗೆ ಬಾಗಿಲು ತೆರೆದದ್ದಕ್ಕೆ, ಮೆತ್ತನೆಯ ರೊಟ್ಟಿಯನ್ನು ‘ಪರವಾಗಿಲ್ಲ’ ಎಂದದ್ದಕ್ಕೆ ಈ ಊರಿಗೆ ನನ್ನ ವಂದನೆಗಳು. ಕಾಫಿ ಕಾದಿದೆ, ರೊಟ್ಟಿ ಬಿಸಿಯಿದೆ, ಎಲ್ಲರೂ ಬೇಕರಿಯ ಒಳಗೆ ಬನ್ನಿ. ಬಾಗಿಲಲ್ಲಿ ಬೂಟು ಒರೆಸಿಕೊಳ್ಳಿ. ಮರಿಗೆಯನ್ನು ಮಾತ್ರ ಯಾರೂ ಒರೆಸಬೇಡಿ.

ನಮಸ್ಕಾರ.