ಆಸ್ಥಿ ಎಂದು ತಪ್ಪಾಗಿ ಕೊರೆದ ಸೀಲು

ಸೀಲಣ್ಣ ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು ನಲವತ್ತಮೂರು, ಕಸುಬು ರಬ್ಬರ್ ಸೀಲು ತಯಾರಿಕೆ, ವಾಸ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿಯ ಮೇಲಿನ ಮಹಡಿ, ಈ ಮೂಲಕ ಠಾಣಾಧಿಕಾರಿಯವರಿಗೆ ತಿಳಿಸುವುದೇನೆಂದರೆ:

ಫೆಬ್ರವರಿ 14ರಂದು ಬೆಳಿಗ್ಗೆ 11.30ರ ಹೊತ್ತಿಗೆ, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟ, ಸುಮಾರು ಮೂವತ್ತೈದು ವರ್ಷದ ಒಬ್ಬ ವ್ಯಕ್ತಿ ನನ್ನ ಅಂಗಡಿಗೆ ಬಂದು ‘ಆಸ್ತಿ ಮರುಮಾರಾಟ ನೋಂದಣಿ ಕಚೇರಿ’ ಎಂಬ ದುಂಡು ಸೀಲು ಬೇಕೆಂದು ಕೇಳಿದನು. ಇಂಥ ಸೀಲಿಗೆ ಕಚೇರಿಯ ಪತ್ರ ಕೇಳುವುದು ನನ್ನ ರೂಢಿ. ಆ ದಿನ ಕೇಳಲಿಲ್ಲ. ಮರ್ಯಾದಸ್ಥನಂತೆ ಕಂಡನು. ಸಂಜೆ 5 ಗಂಟೆಗೆ ಕೊಡುವಾಗ ನೋಡಿದರೆ, ಆಸ್ತಿ ಎನ್ನುವಲ್ಲಿ ನಾನು ಆಸ್ಥಿ ಎಂದು ಕೊರೆದಿದ್ದೆನು. ಹತ್ತು ನಿಮಿಷ ಕೂತ್ಕೊಳ್ಳಿ, ಪುಕ್ಕಟೆ ಬೇರೆ ಮಾಡ್ಕೊಡ್ತೀನಿ ಎಂದೆನು. ಅಯ್ಯೋ ಬಿಡಿ ಯಜಮಾನ್ರೇ, ಸೀಲು ಯಾರು ಓದ್ತಾರೆ, ದುಂಡಗಿದ್ರೆ ಸಾಕು ಎಂದು ನಕ್ಕು ತೆಗೆದುಕೊಂಡು ಹೋದನು.

ಜೂನ್ 11, ಭಾನುವಾರ, ಮಧ್ಯಾಹ್ನ 1 ಗಂಟೆಗೆ ನಾನು ನನ್ನ ಅಕ್ಕನ ಮನೆಗೆ ಊಟಕ್ಕೆ ಹೋದೆನು. ಅಕ್ಕ ಬಟ್ಟೆ ಅಂಗಡಿಯಲ್ಲಿ ಕ್ಯಾಷಿಯರ್. ಖೋಟಾ ನೋಟನ್ನು ಕಣ್ಣುಮುಚ್ಚಿ ಬೆರಳಲ್ಲೇ ಹಿಡಿಯುವವಳು. ಅವಳೂ ಭಾವನೂ ಹನ್ನೆರಡು ವರ್ಷದ ಹಿಂದೆ ಸಮುದ್ರದ ಬದಿಯ ಒಂದು ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು ಕೊಂಡಿದ್ದರು. ಅದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಭಾವನ ಮಂಡಿ ಕೆಟ್ಟ ಮೇಲೆ ಹೋಗುವುದು ನಿಂತಿತು, ವರ್ಷವರ್ಷ ಶುಲ್ಕ ಕಟ್ಟುವುದು ನಿಲ್ಲಲಿಲ್ಲ.

ಊಟವಾದ ಮೇಲೆ ಅಕ್ಕ, ಪೀಡೆ ತೊಲಗ್ತು ಕಣೋ, ನಮ್ಮ ವಾರಕ್ಕೆ ಗಿರಾಕಿ ಸಿಕ್ಕ ಎಂದಳು. ಯಾರೋ ತಾನಾಗಿಯೇ ಫೋನ್ ಮಾಡಿ, ಕೊಳ್ಳುವವರು ತುದಿಗಾಲಲ್ಲಿ ನಿಂತಿದ್ದಾರೆ, ನೋಂದಣಿ ಮತ್ತು ತೆರಿಗೆಯ ಹಣ ಮೊದಲು ಕಟ್ಟಿದರೆ ಹದಿನೈದು ದಿನದಲ್ಲಿ ಪೂರ್ತಿ ಮೊತ್ತ ಕೈಸೇರುತ್ತದೆ ಎಂದಿದ್ದನಂತೆ. ಅವಳು ಎರಡು ಸಲ ಕಟ್ಟಿದ್ದಳು. ಮೂರನೆಯದನ್ನು ಮರುದಿನ ಕಟ್ಟುವವಳಿದ್ದಳು. ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದವನ್ನು ತಂದು ನನ್ನ ಕೈಗೆ ಕೊಟ್ಟಳು.

ಕೆಳಗೆ ನೇರಳೆ ಶಾಯಿಯ ದುಂಡು ಸೀಲು ಇತ್ತು. ಅದರಲ್ಲಿ ಆಸ್ಥಿ ಎಂದಿತ್ತು.

ನನಗೆ ಕಿವಿ ಮುಚ್ಚಿದಂತಾಯಿತು. ಭಾವ ಏನೋ ಕೇಳುತ್ತಿದ್ದರು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ನಾನು ಆ ಅಕ್ಷರದ ಮೇಲೆ ಹೆಬ್ಬೆರಳಿಟ್ಟು ಉಜ್ಜಿದೆನು. ಯಾಕೆ ಉಜ್ಜಿದೆ ಎಂದರೆ ಗೊತ್ತಿಲ್ಲ. ಅಕ್ಕಾ, ಇದು ಮೋಸ, ಈ ಸೀಲು ಮಾಡಿದ್ದು ನಾನೇ ಎಂದೆನು. ತಮಾಷೆ ಎಂದುಕೊಂಡು ಅವಳು ನಕ್ಕಳು.

2.20ಕ್ಕೆ ಅವಳ ಹಳೆಯ ಒಪ್ಪಂದಪತ್ರದಲ್ಲಿದ್ದ ನಂಬರಿಗೆ, ನೇರ ರೆಸಾರ್ಟಿನವರಿಗೇ ಫೋನ್ ಮಾಡಿಸಿದೆನು. ಅಲ್ಲಿನ ಹೆಂಗಸು, ನಿಮ್ಮ ವಾರ ಮಾರಾಟಕ್ಕಿದೆ ಎಂಬ ದಾಖಲೆಯೇ ನಮ್ಮಲ್ಲಿಲ್ಲ, ಮಾರಿಕೊಡುತ್ತೇವೆಂದು ಮುಂಗಡ ಕೇಳಿದವರಿಗೆ ಬಿಡಿಗಾಸೂ ಕೊಡಬೇಡಿ, ಈ ತಿಂಗಳಲ್ಲಿ ನೀವು ಒಂಬತ್ತನೆಯವರು, ಈಗಲೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ ಎಂದಳು. ಅಕ್ಕ ಫೋನು ಕೆಳಗಿಡದೆ ನನ್ನನ್ನೇ ನೋಡಿದಳು. ನೋಟಾಗಿದ್ರೆ ಗೊತ್ತಾಗ್ತಿತ್ತು, ಸೀಲು ನೋಡಿ ನಂಬಿಬಿಟ್ಟೆ ಕಣೋ ಎಂದಳು.

ಬ್ಯಾಂಕಿನ ಸಹಾಯವಾಣಿಗೆ ತಿಳಿಸಿ, 3.40ಕ್ಕೆ ಇಬ್ಬರೂ ಈ ಠಾಣೆಗೆ ಬಂದೆವು. ನೀನು ಒಳಗೆ ಬರೋದು ಬೇಡ ಎಂದು ಅಕ್ಕ ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದಳು. ನಾನು ನಿಂತೆನು.

ಈ ದಿನ, ಜೂನ್ 12ರಂದು, ಬೆಳಿಗ್ಗೆ 9.50ಕ್ಕೆ ಅದೇ ನೀಲಿ ಅಂಗಿಯವನು ಅಂಗಡಿಗೆ ಫೋನ್ ಮಾಡಿ, ಫೆಬ್ರವರಿಯಲ್ಲಿ ದುಂಡು ಸೀಲು ಒಯ್ದವನು ನಾನು, ಇನ್ನೊಂದು ಸೀಲು ಬೇಕು, ಒಕ್ಕಣೆ ಬರೆದುಕೊಳ್ಳಿ ಎಂದನು. ‘ಪೊಲೀಸ್ ಇಲಾಖೆ, ಟೈಮ್‌ಶೇರ್ ವಂಚಿತರ ಹಣ ವಾಪಸಾತಿ ಘಟಕ’. ಬರೆಯುತ್ತ ಬರೆಯುತ್ತ ನನ್ನ ಕೈ ನಿಂತಿತು. ಸಂಜೆ 4ಕ್ಕೆ ಬನ್ನಿ ಎಂದು ಹೇಗೋ ಹೇಳಿ, ಶಟರ್ ಎಳೆದು, ಆರುನೂರು ಮೀಟರ್ ದೂರದ ಈ ಠಾಣೆಗೆ ಓಡಿಬಂದೆನು.

4.10ಕ್ಕೆ ಅವನು ಬಂದನು. ಈ ಸಲ ಕಾಗುಣಿತ ಸರಿ ಇದ್ಯಾ ಎಂದು ಕೇಳಿದನು. ಮಾಮೂಲಿ ಬಟ್ಟೆಯಲ್ಲಿ ನನ್ನ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಪೊಲೀಸರು ಎದ್ದು ಹಿಡಿದರು. ಅವನ ಚೀಲದಲ್ಲಿ ನಾಲ್ಕು ಹಾಳೆಯ ಪಟ್ಟಿ ಸಿಕ್ಕಿತು. ಎರಡನೇ ಹಾಳೆಯಲ್ಲಿ ಅಕ್ಕನ ಹೆಸರು, ಫೋನ್ ನಂಬರು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಹೋದ ಹಣ ಕೊಡಿಸ್ತೀವಿ ಅಂದ್ರೆ ಇನ್ನೊಮ್ಮೆ ಕೊಡ್ತಾಳೆ’ ಎಂದಿತ್ತು.

ಎರಡನೇ ಕಂತನ್ನು ಬ್ಯಾಂಕಿನವರು ತಡೆಹಿಡಿದಿದ್ದಾರೆ. ಮೊದಲನೆಯದು ಹೋಗಿದೆ. ಸೀಲು ಮಾಡಿದವರು ಯಾರೋ ತನಗೆ ತಿಳಿಯದು ಎಂದು ಅಕ್ಕ ನಿನ್ನೆಯ ದೂರಿನಲ್ಲಿ ಬರೆಸಿರುವುದು ಈಗ ಇಲ್ಲಿ ಓದಿದಾಗ ಗೊತ್ತಾಯಿತು. ಅವಳಿಗೆ ತಿಳಿದಿದೆ. ನಾನೇ ಹೇಳಿದ್ದೆನು. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ, ಮಾಡಿದವನು ತಮ್ಮ ಎಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಓದಿಸಿ ಕೇಳಿದ್ದೇನೆ, ಇದರಲ್ಲಿ ನನಗೆ ಗೊತ್ತಿದ್ದೂ ಬಿಟ್ಟದ್ದು, ಸೇರಿಸಿದ್ದು ಯಾವುದೂ ಇಲ್ಲ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: ಜೂನ್ 12, ಸಂಜೆ 6.35
ಸಹಿ: (ಸೀಲು ಅಂಗಡಿಯವನು, ದೂರುದಾರಳ ತಮ್ಮ)